ಊರೂರಿನ ಸಾರು ಬಲ್ಲ ಶಿವಾ ಸಾನ್

ಪರಮಶಿವಯ್ಯನವರು ಎದುರಿಗಿರುವ ಮನುಷ್ಯನ ಕಣ್ಣು ನೋಡಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವರ ದೃಷ್ಟಿ ನೆಡುವುದು ಗಂಟಲಿನ ಮೇಲೆ. ಮೊದಲ ದಿನ ಅವರ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾಗ, ನನ್ನ ಕಾಲರು ಕೊಳೆಯಾಗಿದೆಯೇನೋ ಎಂದು ಎರಡು ಸಲ ಕೈಯಿಟ್ಟು ನೋಡಿಕೊಂಡೆ. ಮೂರನೇ ಸಲಕ್ಕೆ ಸಿಟ್ಟೇ ಬಂತು.

"ಏನ್ ಸ್ವಾಮಿ, ಕುತ್ತಿಗೆ ಅಳತೆ ತಗೋತಿದೀರಾ?" ಅಂದೆ.

"ಅದಿರ್ಲಿ ಸೀನಪ್ಪ, ನಾಕನೇ ತುತ್ತು ಇಳಿಯೋಕೆ ಯೋಚ್ನೆ ಮಾಡ್ತು. ಉಪ್ಪು ಕಮ್ಮಿ ಆಗೈತೆ, ಅಲ್ವ?"

ಆಗಿತ್ತು. ಆದರೆ ನಾನು ಹೇಳಿರಲಿಲ್ಲ.

ಬಡಿಸುವ ಮುಂಚೆ ರುಚಿ ನೋಡಿದರೆ ಅಡುಗೆಯೆಲ್ಲ ಎಂಜಲಾಗುತ್ತದೆ ಎಂಬ ಹಳೆಯ ನೇಮವನ್ನು ಈ ಮನುಷ್ಯ ಇವತ್ತಿಗೂ ಬಿಟ್ಟಿಲ್ಲ. ಜಯನಗರ ಏಳನೇ ಬ್ಲಾಕಿನ ಒಂದು ಮನೆಯ ಮಹಡಿಯಲ್ಲಿ, ಜಿಗಣಿ ಕಡೆಯ ಕಾರ್ಖಾನೆಗೆ ಬಂದಿಳಿದಿರುವ ಜಪಾನಿ ಇಂಜಿನಿಯರುಗಳಿಗೆ ಹನ್ನೊಂದು ವರ್ಷದಿಂದ ಜಪಾನಿ ಅಡುಗೆ ಮಾಡಿ ಹಾಕುತ್ತಿದ್ದಾರಲ್ಲ, ಆ ಅಡುಗೆಯಲ್ಲಿ ಒಂದು ಚಮಚೆಯನ್ನೂ ಅವರು ಬಾಯಿಗಿಟ್ಟುಕೊಂಡವರಲ್ಲ. ಮೂಸಿ ನೋಡುವುದೂ ಇಲ್ಲ. ಬಡಿಸಿ, ಬಾಗಿಲ ಚೌಕಟ್ಟಿಗೆ ಒರಗಿ, ತಿನ್ನುವವರ ಗಂಟಲು ನೋಡುತ್ತಾರೆ. ಅಲ್ಲಿ ಕಂಡದ್ದನ್ನು ನಾಳೆಯ ಪಾತ್ರೆಗೆ ಹಾಕುತ್ತಾರೆ. ಕೆಳಗಿನ ಮನೆಯ ಒಡತಿ ಅಮ್ಮಣ್ಣಿಯವರು ಮನೆ ಬಾಡಿಗೆಗೆ ಕೊಡುವಾಗಲೇ "ಜಪಾನಿಯವರಾಗ್ಲಿ ದೇವಲೋಕದವರಾಗ್ಲಿ, ನನ್ನ ಮಹಡಿ ಮೇಲೆ ಮೀನು ಬೇಯಕೂಡದು" ಎಂದು ಕಟ್ಟಪ್ಪಣೆ ಮಾಡಿದ್ದರಿಂದ, ಕಡಲಲ್ಲಿ ಬೆಳೆಯುವ ಒಂದು ಬಗೆಯ ಒಣ ಎಲೆ, ಒಣ ಅಣಬೆ, ಸೋಯಾ ಕಾಳನ್ನು ಹುದುಗಿಸಿ ಮಾಡಿದ ಮಿಸೋ ಎಂಬ ಉಪ್ಪುಮುದ್ದೆ, ಇವಿಷ್ಟರಲ್ಲೇ ಅವರ ಸಂಸಾರ ನಡೆಯುತ್ತದೆ. ಮಾಂಸ ಮೀನು ಬೇಕಾದವರು ಭಾನುವಾರ ಹೊರಗೆ ಹೋಗಿ ತಿಂದು ಬರುತ್ತಾರೆ. ಕಾರು ಓಡಿಸುವವನು ನಾನೇ ಆದ್ದರಿಂದ ಎಲ್ಲಿ, ಎಷ್ಟು ಎಂಬುದೂ ನನಗೆ ಗೊತ್ತು.

ವಯಸ್ಸು ಅರವತ್ತೆರಡು. ಜಪಾನಿಯವರ ಬಾಯಲ್ಲಿ ಅವರು ಶಿವಾ ಸಾನ್, ಅಂದರೆ ಶಿವಯ್ಯನವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಸಣ್ಣ ಮೈಕಟ್ಟು. ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಇಳಿದಿದೆ. ಗುಬ್ಬಿಯ ಸುತ್ತಮುತ್ತಲ ಮದುವೆಮನೆಗಳಲ್ಲಿ ಇಪ್ಪತ್ತೈದು ವರ್ಷ ಅನ್ನದ ಕೊಳಗ ಹೊತ್ತ ಭುಜ ಅದು. ಬೆಳಿಗ್ಗೆ ಬನಶಂಕರಿಯಿಂದ ನಡೆದುಕೊಂಡೇ ಬರುವ ಅವರನ್ನು ದೂರದಿಂದ ನೋಡಿದರೆ, ನಮ್ಮ ಕಣ್ಣಿಗೆ ಕಾಣದ ಯಾವುದೋ ಕೊಳಗ ಈಗಲೂ ಹೆಗಲ ಮೇಲಿದ್ದು, ಅದು ತುಳುಕಬಾರದೆಂದು ತುಸು ವಾಲಿಕೊಂಡು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಾರೆ ಅನ್ನಿಸುತ್ತದೆ. ಅದರ ಮೇಲೆ ಒಂದು ಕೋಟು. ಅದು ಸಾಮಾನ್ಯದ ಕೋಟಲ್ಲ ಸ್ವಾಮಿ. ಆಳೆತ್ತರದ ಹಿಮ ಬೀಳುವ ಹೊಕ್ಕೈಡೋ ಎಂಬ ಉತ್ತರದ ದ್ವೀಪದವನೊಬ್ಬ ಊರಿಗೆ ಹೋಗುವಾಗ ಕೊಟ್ಟು ಹೋದ ಹತ್ತಿ ತುಂಬಿದ ನೀಲಿ ಕೋಟು. ತೋಳನ್ನು ಮೂರು ಮಡಿಕೆ ಮಡಿಚಿ, ಪಂಚೆಯ ಮೇಲೆ ಅದನ್ನು ತೊಟ್ಟು, ದೀಪಾವಳಿಯಿಂದ ಶಿವರಾತ್ರಿಯವರೆಗೆ ಬಿಚ್ಚುವುದಿಲ್ಲ.

"ಜಯನಗರದಲ್ಲಿ ಹಿಮ ಬೀಳಲ್ಲ ಅಯ್ನೋರೇ" ಎಂದು ನಾನು ಕೆಣಕಿದರೆ, "ಅದಿರ್ಲಿ, ಅವ್ರಪ್ಪನ ಕೋಟು ಕಣಯ್ಯ ಇದು. ಅಪ್ಪನ ಕೋಟು ಯಾವನಾದ್ರೂ ಅಡಿಗೆಯೋನಿಗೆ ಕೊಡ್ತಾನಾ? ಹೊಕ್ಕೈಡೋದೋರು ಕೊಡ್ತಾರೆ. ಅವ್ರ ಮನೆ ಬಾಗ್ಲು ದೊಡ್ಡದು" ಅನ್ನುತ್ತಾರೆ, ಅಲ್ಲಿಗೆ ಹೋಗಿ ಬಾಗಿಲಿನ ಅಗಲ ಅಳೆದು ಬಂದವರ ಹಾಗೆ.

"ಅದಿರ್ಲಿ" ಎಂಬುದು ಅವರ ಎಲ್ಲ ಮಾತಿನ ಹೊಸಿಲು. ಅದನ್ನು ದಾಟದೆ ಅವರು ಯಾವ ವಾಕ್ಯಕ್ಕೂ ಕಾಲಿಡುವುದಿಲ್ಲ. ನೀವು ಏನೇ ಹೇಳಿ, ಮಳೆ ಬರ್ತಿದೆ ಅನ್ನಿ, ಮೆಟ್ರೋ ನಿಂತಿದೆ ಅನ್ನಿ, ಅದನ್ನೆಲ್ಲ ಒಂದು ಮೂಲೆಗೆ ಸರಿಸಿಟ್ಟು ತಮ್ಮ ವಿಷಯಕ್ಕೆ ಬರುತ್ತಾರೆ. ವಿಷಯ ಯಾವಾಗಲೂ ಒಂದೇ: ಯಾರು ಯಾವ ಊರಿನವರು.

ನನಗೆ ಮೊದಲಿಗೆ ಜಪಾನಿಯವರೆಲ್ಲ ಒಂದೇ. ಎಲ್ಲರೂ ಬಗ್ಗುತ್ತಾರೆ, ಎಲ್ಲರೂ ಹೊತ್ತಿಗೆ ಐದು ನಿಮಿಷ ಮುಂಚೆ ಗೇಟಿನ ಹತ್ತಿರ ನಿಂತಿರುತ್ತಾರೆ, ಅರೆಕೆರೆ ಸಿಗ್ನಲ್ಲಿನಲ್ಲಿ ನಾನು ಗಾಜಿಳಿಸಿ ಬೈಯಲು ಶುರು ಮಾಡಿದರೆ ಎಲ್ಲರೂ ಫೋನು ನೋಡುತ್ತಾರೆ. ಒಂದು ದಿನ ಹಾಗಂದೇಬಿಟ್ಟೆ. ಪರಮಶಿವಯ್ಯನವರು ಹೆಚ್ಚುತ್ತಿದ್ದ ಮೂಲಂಗಿಯನ್ನು ಕೆಳಗಿಟ್ಟು ನನ್ನನ್ನು ನೋಡಿದ ನೋಟವಿದೆಯಲ್ಲ, ಗುಬ್ಬಿಯೂ ಗುಲ್ಬರ್ಗವೂ ಒಂದೇ ಅಂದವನನ್ನು ನೋಡಬೇಕು ಹಾಗೆ.

"ಅದಿರ್ಲಿ, ನೀನು ಬೈವಾಗ ಹಿಂದೆ ಕೂತೋರನ್ನ ಕನ್ನಡೀಲಿ ನೋಡಿದೀಯಾ? ನೋಡು. ಒಸಾಕಾದೋನು ಫೋನಿನ ಹಿಂದೆ ನಗ್ತಿರ್ತಾನೆ. ಟೋಕಿಯೋದೋನು ಗಡಿಯಾರ ನೋಡ್ಕೋತಾನೆ. ಕ್ಯೋತೋದೋನು ಇಳಿಯುವಾಗ ನಿನ್ನ ಗಂಟ್ಲು ಬಲು ಚೆಂದಾಗೈತೆ ಅಂತ ಹೊಗಳಿ ಹೋಗ್ತಾನೆ, ನಿಂಗೆ ಎರಡು ದಿನ ಬಿಟ್ಟು ಉರಿಯುತ್ತೆ. ಓಕಿನಾವಾದೋನು ನಿದ್ದೆ ಮಾಡಿರ್ತಾನೆ."

ಮಾರನೆಯ ದಿನದಿಂದ ಕನ್ನಡಿಯಲ್ಲಿ ನೋಡತೊಡಗಿದೆ. ಏನು ಹೇಳಲಿ, ಮುಕ್ಕಾಲುಪಾಲು ನಿಜವಾಗಿತ್ತು. ಅಂದಿನಿಂದ ನನ್ನ ಬೈಗುಳ ಕಡಿಮೆಯಾಗಲಿಲ್ಲ, ಆದರೆ ಬೈಯುವುದರಲ್ಲಿ ಒಂದು ಅಧ್ಯಯನ ಸೇರಿಕೊಂಡಿತು.

ಈ ಜ್ಞಾನವೆಲ್ಲ ಅವರಿಗೆ ಬಂದದ್ದು ಬಟ್ಟಲಿನ ದಾರಿಯಿಂದ. ಜಪಾನಿನ ಮೂಡಣ ಸೀಮೆಯವರಿಗೆ ಸಾರು ಕಪ್ಪಗೆ, ಖಡಕ್ಕಾಗಿರಬೇಕು. ಪಡುವಣದವರಿಗೆ ಅದು ಬಟ್ಟಲಿನ ತಳ ಕಾಣುವಷ್ಟು ತಿಳಿಯಾಗಿರಬೇಕು. ನಗೋಯಾದವನಿಗೆ ಕೆಂಪು ಮಿಸೋ ಇಲ್ಲದೆ ಅನ್ನ ಇಳಿಯದು. ಬಡಗಣದ ಅಕಿತಾದವನು ಉಪ್ಪಿನಕಾಯಿಯನ್ನೇ ಪಲ್ಯದಂತೆ ತಿನ್ನುತ್ತಾನೆ. ನಾಲ್ಕು ಜನ ಊಟಕ್ಕೆ ಕೂತರೆ ನಾಲ್ಕು ಚಿಕ್ಕ ಪಾತ್ರೆಗಳಲ್ಲಿ ನಾಲ್ಕು ಸಾರು ಕುದಿಯುವುದು ಆ ಅಡುಗೆಮನೆಯ ಶಾಸನ. ಅದನ್ನು ಯಾರೂ ಅವರಿಂದ ಕೇಳಿರಲಿಲ್ಲ. ಬೇಡವೆಂದವರ ಮಾತನ್ನೂ ಅವರು ಕೇಳಿರಲಿಲ್ಲ.

ಕಳೆದ ವರ್ಷ ಆ ಮಹಡಿಯ ಅತಿಥಿಗೃಹದಲ್ಲಿದ್ದವರು ಮೂವರು. ಒಸಾಕಾದ ನಿಶಿಮುರಾ, ಬಾಯಿ ಮುಚ್ಚಿದ್ದನ್ನು ನಾನು ಕಾಣೆ, ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ "ಅಣ್ಣಾ, ಜಾಸ್ತಿ ಆಯ್ತು ಅಣ್ಣಾ" ಎಂದು ಕನ್ನಡದಲ್ಲೇ ಚೌಕಾಸಿ ಮಾಡಿ, ಕಡಿಮೆಯಾಗದಿದ್ದರೂ ಗೆದ್ದವನಂತೆ ನಗುತ್ತ ಬರುವ ಆಸಾಮಿ. ಅಕಿತಾದ ಸಾಸಾಕಿ, ದಿನಕ್ಕೆ ಆರು ಮಾತು. ಶಿಕೊಕು ದ್ವೀಪದ ಕಾಗಾವಾ ಸೀಮೆಯ ಓನಿಶಿ; ಇವನ ಊರು ಯಾವುದೆಂದು ಪತ್ತೆ ಹಚ್ಚಲು ಮಾತ್ರ ಪರಮಶಿವಯ್ಯನವರು ಎಂಟು ತಿಂಗಳು ಒದ್ದಾಡಿದರು. ಏನು ಕೊಟ್ಟರೂ ತಿನ್ನುತ್ತಿದ್ದ, ಬಗ್ಗುತ್ತಿದ್ದ, ಕೋಣೆ ಸೇರುತ್ತಿದ್ದ. "ಗಂಟ್ಲೇ ಇಲ್ಲ ಕಣಯ್ಯ ಈ ಹುಡುಗನಿಗೆ" ಎಂದು ನನ್ನ ಹತ್ತಿರ ದುಃಖ ತೋಡಿಕೊಂಡರು.

ಗಣೇಶನ ಹಬ್ಬದ ದಿನ ಕಡುಬು ಮಾಡಿದ್ದರು, ಒಳಗೆ ಸಿಹಿ ಹೂರಣ. ಓನಿಶಿ ಯಾರೂ ನೋಡುತ್ತಿಲ್ಲವೆಂದುಕೊಂಡು ಆ ಸಿಹಿ ಕಡುಬನ್ನು ಮಿಸೋ ಸಾರಿನಲ್ಲಿ ಮುಳುಗಿಸಿ ಬಾಯಿಗಿಟ್ಟ. ನಿಶಿಮುರಾ ಕಂಡೇಬಿಟ್ಟು, ತೊಡೆ ತಟ್ಟಿ ನಕ್ಕ. ಓನಿಶಿ ಕಿವಿಯ ತನಕ ಕೆಂಪಾದ. ಬಾಗಿಲಲ್ಲಿದ್ದ ಪರಮಶಿವಯ್ಯನವರು ಒಂದೇ ನೆಗೆತಕ್ಕೆ ಒಳಗೆ ಬಂದು, ಅಂದು ಊಟಕ್ಕೆ ಬಂದಿದ್ದ ಕಂಪನಿಯ ದುಭಾಷಿ ತೇಜಸ್ವಿನಿಯನ್ನು ಹಿಡಿದುಕೊಂಡರು. ಬನಶಂಕರಿಯ ಈ ಹುಡುಗಿ ಜಪಾನಿ ಮಾತಾಡುವುದನ್ನು ಕೇಳಿದರೆ ಟೋಕಿಯೋದವರೂ ತಿರುಗಿ ನೋಡುತ್ತಾರೆ.

"ತಾಯಿ, ಕೇಳಮ್ಮ ಅವನ್ನ! ಇದು ಎಲ್ಲಿ ಪದ್ಧತಿ? ಯಾವೂರು?"

ಓನಿಶಿ ನೆಲ ನೋಡಿಕೊಂಡು ಹೇಳಿದ್ದನ್ನು ತೇಜಸ್ವಿನಿ ಕನ್ನಡ ಮಾಡಿದಳು: "ಅವರ ಊರಲ್ಲಿ ಹೊಸವರ್ಷದ ದಿನ, ಅಕ್ಕಿಮುದ್ದೆ ಒಳಗೆ ಸಿಹಿ ಹೂರಣ ತುಂಬಿ, ಬಿಳಿ ಮಿಸೋ ಸಾರಿಗೆ ಹಾಕ್ತಾರಂತೆ ಅಂಕಲ್. ಬೇರೆ ಊರವರೆಲ್ಲ ನಗ್ತಾರೆ ಅಂತ ಎಲ್ಲೂ ಹೇಳಲ್ವಂತೆ."

"ನಗೋರಿಗೆ ಒಬ್ಬಟ್ಟಿನ ಸಾರು ಗೊತ್ತಿಲ್ಲ, ಅದಕ್ಕೆ" ಅಂದರು ಪರಮಶಿವಯ್ಯನವರು, ನಿಶಿಮುರಾನ ಕಡೆ ಕೈ ತೋರಿಸಿ. ಆ ಸಂಜೆ ಅವರ ನಡಿಗೆಯ ವಾಲು ಕೂಡ ನೆಟ್ಟಗಾಗಿತ್ತು.

ಅಕ್ಟೋಬರಿನಲ್ಲಿ ಕಂಪನಿಗೆ ಹೊಸ ಮುಖ್ಯಸ್ಥ ಬಂದ. ಓಗಾವಾ ಎಂದು ಹೆಸರು. ಶುಭ್ರವಾದ, ನೀರಿನಲ್ಲಿ ಅದ್ದಿ ತೆಗೆದಂಥ ಮನುಷ್ಯ. ಕಾರ್ಖಾನೆಯಲ್ಲಿ ಆರು ಬಗೆಯ ಬೀಗದ ಕೈ ಇದ್ದದ್ದನ್ನು ಒಂದು ಮಾಡಿದ, ಮೂರು ಬಗೆಯ ಚಪ್ಪಲಿಯನ್ನು ಒಂದು ಮಾಡಿದ. ಒಂದು ದಿನ ಅಡುಗೆಮನೆಗೆ ಬಂದು ಒಲೆಯ ಮೇಲಿನ ಪಾತ್ರೆಗಳನ್ನು ಬೆರಳು ಮಡಿಚಿ ಎಣಿಸಿದ. ಜನವರಿ ಎರಡರಿಂದ ಎಲ್ಲ ಅತಿಥಿಗೃಹಗಳಿಗೂ ಹೊರಗಿನಿಂದ ಒಂದೇ ಥರದ ಊಟದ ಡಬ್ಬಿ ಬರುತ್ತದೆ, ಈ ಅಡುಗೆಮನೆ ಮುಚ್ಚುತ್ತದೆ, ಶಿವಾ ಸಾನ್ ಅವರ ಸೇವೆಗೆ ಕಂಪನಿ ಕೃತಜ್ಞ ಎಂದು ತೇಜಸ್ವಿನಿಯ ಬಾಯಲ್ಲಿ ಹೇಳಿಸಿದ. ಹೊಸವರ್ಷದ ದಿನ ತಾನೂ ಬಂದು ಕೊನೆಯ ಊಟ ಮಾಡುವುದಾಗಿಯೂ, ಅಂದು ಎಲ್ಲರಿಗೂ ಒಂದೇ ಬಗೆಯ ಹಬ್ಬದ ಸಾರು ಸಾಕೆಂದೂ ಹೇಳಿಸಿದ.

"ಆಗ್ಲಿ ಸಾರ್" ಅಂದರು ಪರಮಶಿವಯ್ಯನವರು. ಅದಿರ್ಲಿ ಅನ್ನಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ನಾನು ಕುದಿದು ಹೋದೆ. ಯೂನಿಯನ್ನು, ವಕೀಲರು, ಅಮ್ಮಣ್ಣಿಯವರು, ಯಾರ ಹತ್ತಿರವಾದರೂ ಹೋಗೋಣ ಅಂದೆ. ಅವರು ಕೋಟಿನ ತೋಳು ಬಿಡಿಸಿ ಮತ್ತೆ ಮಡಿಚುತ್ತ ಕೂತಿದ್ದರು.

"ಮದುವೆಮನೆ ಅಡಿಗೆಗೆ ಈಗ್ಲೂ ಕರೀತಾರೆ ಕಣೋ. ಹೊಟ್ಟೆಗೇನು ತೊಂದ್ರೆ ಇಲ್ಲ. ಅಲ್ಲಿ ಐನೂರು ಎಲೆ. ಯಾರು ಉಂಡ್ರು, ಯಾರು ಬಿಟ್ರು, ಯಾರಿಗೂ ಗೊತ್ತಿಲ್ಲ. ಇಲ್ಲಿ ಮೂರು ಜನ, ಮೂರೂ ಜನ ನಂಗೆ ಗೊತ್ತು. ಅಷ್ಟೇ." ತೋಳಿನ ಮಡಿಕೆಯನ್ನು ಒತ್ತಿ ಕೂರಿಸಿ, "ಹೋಗೋದೇ ಆದ್ರೆ ಅವ್ರವ್ರ ಊರಿನ ಸಾರು ಕುಡಿಸಿ ಹೋಗ್ತೀನಿ. ಆ ಸಾಹೇಬನಿಗೂನೂ. ಅವನು ಯಾವೂರು?"

ಇಲ್ಲಿ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಟೋಕಿಯೋದವನೆಂದು ಆಫೀಸಿನಲ್ಲಿ ಹೇಳುತ್ತಾರೆ, ಆದರೆ ನಾನು ಕಂಡದ್ದೇ ಬೇರೆ ಅಂದೆ. ಬನ್ನೇರುಘಟ್ಟ ರಸ್ತೆಯ ಮಾಲಿನಲ್ಲಿ ಓಗಾವಾನ ಹಿಂದೆ ಚೀಲ ಹಿಡಿದು ಎಸ್ಕಲೇಟರು ಹತ್ತಿದ್ದೆ. ನಮ್ಮ ಜನ ಎಲ್ಲಿ ಬೇಕೆಂದರಲ್ಲಿ ನಿಂತಿದ್ದರೆ, ಆತ ಬಲಗಡೆಗೆ ಅಂಟಿಕೊಂಡು ಎಡಗಡೆ ದಾರಿ ಬಿಟ್ಟು ನಿಂತಿದ್ದ. ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಇದು ಪರಮಶಿವಯ್ಯನವರೇ ನಿಶಿಮುರಾನಿಂದ ತಿಳಿದು ನನಗೆ ಕಲಿಸಿದ್ದ ಪಾಠ.

"ಬಲಗಡೆ?"

"ಬಲಗಡೇನೇ. ಗೋಡೆಗೆ ಪೋಸ್ಟರು ಅಂಟಿಸಿದಂಗೆ ನಿಂತಿದ್ದ."

"ಹಂಗಾದ್ರೆ ಒಸಾಕಾ. ಟೋಕಿಯೋ ಅನ್ನೋದೆಲ್ಲ ಆಫೀಸಿನ ಮಾತು." ನನ್ನ ಬೆನ್ನು ತಟ್ಟಿದರು. ಇಬ್ಬರೂ ದೊಡ್ಡ ಪತ್ತೇದಾರರಾಗಿ ಟೀ ಕುಡಿದೆವು.

ಡಿಸೆಂಬರು ಮೂವತ್ತೊಂದರ ಬೆಳಿಗ್ಗೆ ಹಿತ್ತಿಲಿನ ಒರಳಿನಲ್ಲಿ ಅಂಟಕ್ಕಿಯ ಅನ್ನ ಕುಟ್ಟಿದೆವು. ಒನಕೆ ನನ್ನದು, ಪ್ರತಿ ಪೆಟ್ಟಿನ ನಡುವೆ ಒದ್ದೆ ಕೈ ಹಾಕಿ ಮುದ್ದೆ ತಿರುವುವುದು ಅವರದು. ಮೈಯೆಲ್ಲ ಬೆವರಾಗಿ ನಾನು ಗೊಣಗಿದರೆ, "ಸಾಹೇಬನ್ನ ಬೈಕೊಂಡು ಕುಟ್ಟು, ನುಣ್ಣಗಾಯ್ತದೆ" ಅಂದರು. ನುಣ್ಣಗಾಯಿತು. ಒಸಾಕಾಗೆ ದುಂಡನೆಯದು, ಅಕಿತಾಗೆ ಚೌಕ ಕತ್ತರಿಸಿದ್ದು, ಓನಿಶಿಗೆ ಕೆಂಪು ಅಲಸಂದೆಯ ಹೂರಣವನ್ನು ಬೆಲ್ಲದಲ್ಲಿ ಕೆದಕಿ ತುಂಬಿದ್ದು. ಅಮ್ಮಣ್ಣಿಯವರು ಕಿಟಕಿಯಿಂದ, "ಪರಮಶಿವಯ್ಯ, ಯಾರ ಮನೆ ಮದುವೆ?" ಎಂದು ಕೇಳಿದರು.

ಒಂದನೇ ತಾರೀಖು ಹತ್ತು ಗಂಟೆಗೆ ನಾಲ್ಕು ಜನ ಮೇಜಿಗೆ ಕೂತರು; ತೇಜಸ್ವಿನಿ ಪಕ್ಕದಲ್ಲಿ, ನಾನೂ ಪರಮಶಿವಯ್ಯನವರೂ ಬಾಗಿಲಲ್ಲಿ. ಮುಚ್ಚಳ ಹಾಕಿದ ನಾಲ್ಕು ಬಟ್ಟಲು. ಸಾಸಾಕಿ ತನ್ನದನ್ನು ತೆರೆದು, ಕಪ್ಪು ಸಾರಿನಲ್ಲಿ ಚೌಕದ ಮುದ್ದೆ ಕಂಡು, ಆ ದಿನದ ಆರು ಮಾತಿನಲ್ಲಿ ಎರಡನ್ನು ಅಲ್ಲೇ ಖರ್ಚು ಮಾಡಿದ. ಓನಿಶಿ ಮುದ್ದೆಯನ್ನು ಕಡಿದ. ಒಳಗಿನ ಸಿಹಿ ಕಂಡ ಕೂಡಲೇ ಊಟದ ಕಡ್ಡಿ ಕೆಳಗಿಟ್ಟು ಎರಡೂ ಕೈಯಿಂದ ಬಟ್ಟಲು ಹಿಡಿದುಕೊಂಡ. ಎಂಟು ತಿಂಗಳು ಹುಡುಕಿದ ಗಂಟಲು ಕೊನೆಗೂ ಸಿಕ್ಕಿತು. ಏಕೆಂದರೆ ಆತನಿಗೆ ನುಂಗಲಾಗುತ್ತಿರಲಿಲ್ಲ, ಅಳು ತಡೆದುಕೊಳ್ಳುತ್ತಿದ್ದ.

ಆಗ ಓಗಾವಾ ಮುಚ್ಚಳ ತೆಗೆದ. ಬಿಳಿ ಮಿಸೋ, ದುಂಡು ಮುದ್ದೆ.

ಪಕ್ಕದಿಂದ ಇಣುಕಿದ ನಿಶಿಮುರಾ ತನ್ನ ಬಟ್ಟಲಿನಂಥದೇ ಅದೆಂದು ಕಂಡು ಕುರ್ಚಿಯಿಂದ ಎದ್ದು, "ಅರೆ! ನೀವು ನಮ್ಮೋರಾ!" ಎಂದು ಮುಖ್ಯಸ್ಥನ ಹೆಗಲ ಮೇಲೆ ಕೈ ಹಾಕಿಯೇಬಿಟ್ಟ. ಕೆಲವರಿಗೆ ಕೆಲಸ ಹೋಗುವುದು ಹೀಗೆಯೇ ಎಂದುಕೊಂಡೆ.

"ಅಲ್ಲ!" ಎಂದ ಓಗಾವಾ. ಮೂರು ತಿಂಗಳಲ್ಲಿ ಆತನ ದನಿ ಏರಿದ್ದನ್ನು ಅದೇ ಮೊದಲು ಕೇಳಿದ್ದು. ತೇಜಸ್ವಿನಿ ಅವನ ಮಾತಿನ ಹಿಂದೆ ಓಡತೊಡಗಿದಳು: "ಇವರು ಟೋಕಿಯೋನೇ ಅಂಕಲ್, ಫುಕಾಗಾವಾ ಅಂತ, ಏಳು ತಲೆಮಾರಿಂದ ಅಲ್ಲೇ. ಒಸಾಕಾದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ರು, ಅಲ್ಲಿಂದ ಬಲಗಡೆ ನಿಲ್ಲೋ ಅಭ್ಯಾಸ ಅಷ್ಟೆ. ಆದರೆ ಇದು... ಹೊಸವರ್ಷದ ದಿನ ಇದನ್ನ ಕುಡಿಯೋಕೆ ಆಗಲ್ವಂತೆ. ಅವರಮ್ಮ ತಿಳಿಸಾರು ಮಾಡ್ತಿದ್ರಂತೆ. ಚೌಕ ಮುದ್ದೆ. ಸುಟ್ಟಿರ್ಬೇಕು. ಸುಡದೆ ಹಾಕೋದು ಅನಾಗರಿಕ ಅಂತೆ."

ಕೊನೆಯ ಮಾತಿಗೆ ನಿಶಿಮುರಾನ ಮುಖ ಕಪ್ಪಿಟ್ಟಿತು. ಅಲ್ಲಿಂದ ಆ ಇಬ್ಬರಿಗೂ ಜಪಾನಿಯಲ್ಲೇ ಹತ್ತಿಕೊಂಡಿತು.

ಪರಮಶಿವಯ್ಯನವರು ನನ್ನತ್ತ ತಿರುಗಲೂ ಇಲ್ಲ. ತಿರುಗಿದ್ದರೆ ನಾನು ಸತ್ತೇಹೋಗುತ್ತಿದ್ದೆ. ಕೈ ಮುಗಿದು, ನಿಜವಾಗಿ ತಿಳಿಯದವರ ದನಿಯಲ್ಲಿ ಕೇಳಿದರು: "ಅದಿರ್ಲಿ ಸಾರ್, ತಪ್ಪಾಯ್ತು. ಆದ್ರೆ ಎಲ್ರಿಗೂ ಒಂದೇ ಸಾರು ಸಾಕು ಅಂದಿದ್ರಲ್ಲ ತಾವು?"

ತೇಜಸ್ವಿನಿ ಆ ಮಾತನ್ನು ಅನುವಾದಿಸುವ ಬದಲು ನೀರಿನ ಲೋಟ ಎತ್ತಿಕೊಂಡಳು. ಅನುವಾದ ಮಾಡಿದವನು ನಿಶಿಮುರಾ, ಅವನಿಗೆ ಗೊತ್ತಿದ್ದ ಕನ್ನಡಕ್ಕೆ ಅಷ್ಟು ಸಾಕಾಗಿತ್ತು. ಮಾಡುತ್ತ ಮಾಡುತ್ತ ಜಗಳ ಮರೆತು ನಗತೊಡಗಿದ. ಸಾಸಾಕಿ ಬಟ್ಟಲಿನೊಳಗೆ ಮುಖ ಹುದುಗಿಸಿದ, ಬಟ್ಟಲು ಅಲುಗುತ್ತಿತ್ತು. ಓಗಾವಾ ತನ್ನ ಮುಂದಿದ್ದ ಬಿಳಿಯ ಸಾರನ್ನು ಬಹಳ ಹೊತ್ತು ನೋಡಿದ. ಕಿವಿ ಕೆಂಪಾಗಿತ್ತು. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ತೋಳು ಮಡಿಚಿ, ನೇರ ಅಡುಗೆಮನೆಗೆ ನಡೆದ.

ನಾವೆಲ್ಲ ಹಿಂದೆ ಹೋದೆವು. ಚೌಕದ ಮುದ್ದೆ ಉಳಿದಿದ್ದದ್ದು ಸಾಸಾಕಿಯ ಪಾಲಿನ ಎರಡೇ. ಆತ ತಟ್ಟೆಯನ್ನು ಮುಂದೆ ತಳ್ಳಿದ. ಬದನೆಕಾಯಿ ಸುಡುವ ಜಾಲರಿಯನ್ನು ಉರಿಯ ಮೇಲಿಟ್ಟು ಕಂಪನಿಯ ಮುಖ್ಯಸ್ಥ ಬಗ್ಗಿ ನಿಂತ. ಮೊದಲನೆಯದು ಕರಕಾಯಿತು. ಪರಮಶಿವಯ್ಯನವರು ಉರಿ ತಗ್ಗಿಸಿ, ಜಾಲರಿಯನ್ನು ಎರಡು ಬೆರಳು ಮೇಲೆತ್ತಿ ಹಿಡಿದರು. ಇನ್ನೊಂದು ಉಬ್ಬಿ, ಹೊಟ್ಟೆ ಬಿರಿದು, ಹೊಂಬಣ್ಣಕ್ಕೆ ಬಂತು. ಕಡಲಿನ ಒಣ ಎಲೆ ನೆನೆಸಿದ ತಿಳಿನೀರಿಗೆ ಎರಡು ಹನಿ ಸೋಯಾ, ಸ್ವಲ್ಪ ಸೊಪ್ಪು. ಓಗಾವಾ ಅಲ್ಲೇ, ಸಿಂಕಿನ ಪಕ್ಕದಲ್ಲಿ ನಿಂತುಕೊಂಡೇ, ಬಟ್ಟಲನ್ನು ಎತ್ತಿ ಕುಡಿದ. ಕುಡಿದು ಮುಗಿಸಿ, ಬಟ್ಟಲನ್ನು ತಾನೇ ತೊಳೆದು ಬೋರಲು ಹಾಕಿ, ತೇಜಸ್ವಿನಿಗೆ ಏನೋ ಹೇಳಿ ಹೊರಟುಹೋದ.

"ಏನಂದ್ರಮ್ಮ?"

"ಮುಂದಿನ ವರ್ಷ ಮುದ್ದೆ ಅಂಚು ಇನ್ನೊಂಚೂರು ಕೆಂಪಗಾಗ್ಲಿ ಅಂದ್ರು ಅಂಕಲ್."

ಪರಮಶಿವಯ್ಯನವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನನಗೆ ಅಷ್ಟೂ ಹಿಡಿಯಲಿಲ್ಲ. ನಾನು ಕೂಗಿದ ಕೂಗಿಗೆ ಕೆಳಗಿನಿಂದ ಅಮ್ಮಣ್ಣಿಯವರು ಗದರಿದರು. ಡಬ್ಬಿಗಳು ಬೇರೆ ಅತಿಥಿಗೃಹಗಳಿಗೆ ಹೋಗುತ್ತವೆ. ಇಲ್ಲಿ ಒಲೆ ಉರಿಯುತ್ತಿದೆ. ಶನಿವಾರದ ಮಧ್ಯಾಹ್ನ ಓಗಾವಾನಿಗೆಂದು ನಾಲ್ಕನೆಯ ಪಾತ್ರೆಯೊಂದು ಸೇರಿಕೊಂಡಿದೆ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಜಪಾನಿನ ಭೂಪಟ ಕೊಟ್ಟರೆ ಯಾವ ಕಡೆ ಹಿಡಿಯಬೇಕೆಂದು ನನಗೂ ತಿಳಿಯದು, ಪರಮಶಿವಯ್ಯನವರಿಗೂ ತಿಳಿಯದು. ಆದರೆ ದೇಶಗಳನ್ನೆಲ್ಲ ಸುತ್ತಿ ಬಂದು, ಅಲ್ಲಿಯ ಜನ ಹೀಗೆ, ಇಲ್ಲಿಯ ಜನ ಹಾಗೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವ ದೊಡ್ಡ ಮನುಷ್ಯರನ್ನು ದಿನಾ ಕಾರಿನಲ್ಲಿ ಹೊತ್ತು ತಿರುಗುವ ನನಗೆ ಒಂದು ಮಾತು ಹೇಳುವ ಹಕ್ಕಿದೆ. ಊರು ಬಿಟ್ಟು ಎಲ್ಲಿಗೂ ಹೋಗದೆ, ಬಂದವನ ಊರನ್ನೇ ತಮ್ಮ ಒಲೆಯ ಹತ್ತಿರಕ್ಕೆ ಕರೆದು ಕೂರಿಸಿಕೊಳ್ಳುವ ಒಂದು ಬಗೆಯ ಜನ ಎಲ್ಲ ಪೇಟೆಗಳಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರ ಲೆಕ್ಕಾಚಾರ ಆಗಾಗ ತಪ್ಪುತ್ತದೆ. ಟೋಕಿಯೋದವನಿಗೆ ಒಸಾಕಾದ ಸಾರು ಬಡಿಸಿ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ತಪ್ಪಿದರೂ ಅವರ ಎದುರಿಗೆ ಕೂತವನು ಸುಮ್ಮನಿರಲಾರ. "ನಾನು ಅಲ್ಲಿಯವನಲ್ಲ, ಇಲ್ಲಿಯವನು" ಎಂದು ಎದ್ದು ನಿಂತು, ಎಷ್ಟೋ ವರ್ಷದಿಂದ ಯಾರಿಗೂ ಹೇಳದಿದ್ದ ತನ್ನ ತಾಯಿಯ ಕೈರುಚಿಯನ್ನು ತಾನೇ ಬಾಯಿಬಿಟ್ಟು ಹೇಳುತ್ತಾನೆ. ಇಂಥವರ ಮುಂದೆ ಯಾವನೂ ಬರೀ ಪರದೇಶಿಯಾಗಿ ಉಳಿಯುವುದಿಲ್ಲ.